ಲೇಖಕಿಯೇ ಪ್ರಕಾಶಕಿಯಾದಾಗ: ತಿರುಮಲಾಂಬಾ ಓದಿಗೆ ಒಂದು ಮರುಚಿಂತನೆ

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ನಂಜನಗೂಡು ತಿರುಮಲಾಂಬಾ (1887-1982) ಅವರಿಗೆ ದೊರೆತಿರುವುದು 'ಮೊದಲಿಗರು' ಎಂಬ ಗೌರವದ ಸ್ಥಾನ. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ, ಮೊದಲ ಪತ್ರಿಕಾ ಸಂಪಾದಕಿ, ಮೊದಲ ಪ್ರಕಾಶಕಿ ಎಂಬ ಮೂರು ವಿಶೇಷಣಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ರೂಢಿಯಾಗಿದೆ. ಆದರೆ ವಿಮರ್ಶೆಯ ಸಂದರ್ಭದಲ್ಲಿ ಚರ್ಚೆಗೆ ಒಳಗಾಗುವುದು ಮೊದಲನೆಯದು ಮಾತ್ರ. ಉಳಿದೆರಡು ಜೀವನಚರಿತ್ರೆಯ ವಿವರಗಳಾಗಿ ಬದಿಗೆ ಸರಿಯುತ್ತವೆ. ಈ ವಿಭಜನೆಯೇ ಅವರ ಕೃತಿಗಳನ್ನು ಕುರಿತ ನಮ್ಮ ತೀರ್ಮಾನಗಳನ್ನು ಏಕಮುಖಿಯಾಗಿಸಿದೆ ಎಂಬುದು ಈ ಬರಹದ ನಿಲುವು.

ಬಾಲ್ಯದಲ್ಲೇ ವಿವಾಹವಾಗಿ, ಎಳೆಯ ವಯಸ್ಸಿನಲ್ಲೇ ವೈಧವ್ಯಕ್ಕೆ ಗುರಿಯಾದ ತಿರುಮಲಾಂಬಾ ತಂದೆಯ ಆಸರೆಯಲ್ಲಿ ಮನೆಯೊಳಗೇ ವಿದ್ಯೆಯನ್ನು ಮುಂದುವರಿಸಿದವರು. ಕನ್ನಡದೊಂದಿಗೆ ತಮಿಳು, ತೆಲುಗುಗಳ ಪರಿಚಯವೂ ಅವರಿಗಿತ್ತು. 1913ರಲ್ಲಿ ಅವರು 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ 'ಸುಶೀಲೆ' ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ 'ಕರ್ನಾಟಕ ನಂದಿನಿ', 'ಸನ್ಮಾರ್ಗದರ್ಶಿನಿ' ಎಂಬ ಪತ್ರಿಕೆಗಳನ್ನೂ ನಡೆಸಿದರು. ಕರ್ನಾಟಕ ಸಾಹಿತ್ಯ ಪರಿಷತ್ತು ಸ್ಥಾಪನೆಯಾದುದು 1915ರಲ್ಲಿ; ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ಎಂದರೆ, ಸಾಹಿತ್ಯಕ್ಕೆ ಸಾಂಸ್ಥಿಕ ಮನ್ನಣೆ ನೀಡುವ ಈ ಎರಡು ಕೇಂದ್ರಗಳು ರೂಪುಗೊಳ್ಳುವುದಕ್ಕೆ ಮೊದಲೇ ನಂಜನಗೂಡಿನ ಒಬ್ಬ ವಿಧವೆ ತನ್ನದೇ ಆದ ಪ್ರಕಟಣ ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದಳು.

ಇದಕ್ಕೆ ಪೂರ್ವಸಿದ್ಧತೆ ಇರಲಿಲ್ಲವೆಂದಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳು ಮೈಸೂರು ಸೀಮೆಯಲ್ಲಿ ಒಂದು ಓದುಗ ವರ್ಗವನ್ನು ಸೃಷ್ಟಿಸಿದ್ದವು. ಇತ್ತ ಉತ್ತರ ಕರ್ನಾಟಕದಲ್ಲಿ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರಿಂದ ಪ್ರೇರಿತರಾಗಿ ಕಾದಂಬರಿಗಳನ್ನು ಬರೆದು, 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿ, ಪುಸ್ತಕಗಳ ಹೊರೆಯನ್ನು ಹೊತ್ತು ಊರೂರು ಅಲೆದು ಮಾರಿದರು. ಈ ಎರಡು ಸಾಹಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸವೊಂದು ಸ್ಪಷ್ಟವಾಗುತ್ತದೆ. ಗಳಗನಾಥರಿಗೆ ಓದುಗರ ಮನೆಯ ಜಗುಲಿಯವರೆಗೆ ನಡೆದುಹೋಗುವ ಸ್ವಾತಂತ್ರ್ಯವಿತ್ತು. ಅಂದಿನ ಸಮಾಜದಲ್ಲಿ ವಿಧವೆಯೊಬ್ಬಳಿಗೆ ಅದು ಊಹೆಗೂ ಮೀರಿದ್ದು. ಆಕೆ ಮನೆಯಲ್ಲೇ ಉಳಿದು ಆಕೆಯ ಪುಸ್ತಕ ಮಾತ್ರ ಸಂಚರಿಸಬೇಕಿತ್ತು. ಆದ್ದರಿಂದ ಗ್ರಂಥಮಾಲೆ ಮತ್ತು ಪತ್ರಿಕೆ ಎಂಬ ರೂಪಗಳು ಇಲ್ಲಿ ಕೇವಲ ವ್ಯಾವಹಾರಿಕ ಆಯ್ಕೆಗಳಲ್ಲ. ಅವು ಸಾಮಾಜಿಕ ನಿರ್ಬಂಧದೊಳಗಿನಿಂದಲೇ ಹುಡುಕಿಕೊಂಡ ದಾರಿಗಳು.

ತಿರುಮಲಾಂಬಾ ಅವರ ಕಾದಂಬರಿಗಳ ಮೇಲಿನ ಮುಖ್ಯ ಆಕ್ಷೇಪ ಸುಪರಿಚಿತವಾದುದು. ಅವು ಪಾತಿವ್ರತ್ಯದ ಆದರ್ಶವನ್ನು ಎತ್ತಿಹಿಡಿಯುತ್ತವೆ, ಬೋಧನೆಯ ಭಾರದಿಂದ ಬಳಲುತ್ತವೆ ಎಂಬುದು ಅದರ ಸಾರ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಾಲವಿಧವೆಯ ಮರುವಿವಾಹದವರೆಗೆ ಸಾಗುವಾಗ, ಸ್ವತಃ ಬಾಲವಿಧವೆಯಾಗಿದ್ದ ಲೇಖಕಿ ಹದಿನಾಲ್ಕು ವರ್ಷಗಳ ಅನಂತರವೂ ಆದರ್ಶ ಸತಿಯನ್ನೇ ಚಿತ್ರಿಸಿದರಲ್ಲ ಎಂಬ ಅಸಮಾಧಾನ ಸಹಜವೇ. ಆದರೆ ಪುಸ್ತಕ ಮನೆಯೊಳಗೆ ಪ್ರವೇಶಿಸುವ ಬಗೆಯನ್ನು ಇಲ್ಲಿ ಗಮನಿಸಬೇಕು. ಹೆಣ್ಣುಮಕ್ಕಳು ಓದಬೇಕಾದ ಪುಸ್ತಕಕ್ಕೆ ಹಣ ತೆರುವವನು ಸಾಮಾನ್ಯವಾಗಿ ಮನೆಯ ಯಜಮಾನ. ಅವನ ಒಪ್ಪಿಗೆಯಿಲ್ಲದೆ ಹೊಸ್ತಿಲು ದಾಟುವ ಸಾಧ್ಯತೆ ಪುಸ್ತಕಕ್ಕೆ ಕಡಿಮೆ. 'ಸತೀಹಿತೈಷಿಣೀ' ಎಂಬ ಹೆಸರು ಆ ಒಪ್ಪಿಗೆಯನ್ನು ಮುಂಚಿತವಾಗಿಯೇ ಗಳಿಸಿಕೊಡುವಂಥದು.

ಹಾಗೆಂದು ಇದನ್ನೆಲ್ಲ ಜಾಣ ತಂತ್ರವೆಂದು ವ್ಯಾಖ್ಯಾನಿಸಿ ಅವರನ್ನು ಇಂದಿನ ಸ್ತ್ರೀವಾದದ ಚೌಕಟ್ಟಿಗೆ ಎಳೆದು ತರುವುದೂ ಸರಿಯಲ್ಲ. ಧರ್ಮದ ಚೌಕಟ್ಟನ್ನು ಅವರು ಪ್ರಾಮಾಣಿಕವಾಗಿ ನಂಬಿದ್ದರೆಂದು ಭಾವಿಸಲು ಅವರ ಕೃತಿಗಳಲ್ಲೇ ಸಾಕಷ್ಟು ಆಧಾರಗಳಿವೆ. ಕಥನವು ಸಂಪ್ರದಾಯಕ್ಕೆ ನಿಷ್ಠವಾಗಿದ್ದಾಗಲೂ ಅದನ್ನು ಅಚ್ಚಿಗೆ ಕಳುಹಿಸಿ, ಹಂಚಿ, ಸಂಪಾದಿಸಿದ ಕ್ರಿಯೆ ಅದೇ ಸಂಪ್ರದಾಯದ ಎಲ್ಲೆಯನ್ನು ಮೀರಿತ್ತು. ಈ ವೈರುಧ್ಯವನ್ನು ವೈರುಧ್ಯವಾಗಿಯೇ ಗ್ರಹಿಸುವುದು ವಿಮರ್ಶೆಯ ಹೊಣೆ.

ಇಲ್ಲಿ ಮತ್ತೊಂದು ಹೋಲಿಕೆ ಉಪಯುಕ್ತವಾದೀತು. ವರ್ಜೀನಿಯಾ ವುಲ್ಫ್ ಮತ್ತು ಲಿಯೊನಾರ್ಡ್ ವುಲ್ಫ್ ದಂಪತಿಗಳು 1917ರಲ್ಲಿ ಹೋಗಾರ್ತ್ ಪ್ರೆಸ್ ಸ್ಥಾಪಿಸಿದ್ದು ಆಧುನಿಕ ಕಾದಂಬರಿಯ ರೂಪಬದಲಾವಣೆಯ ಚರ್ಚೆಯಲ್ಲಿ ತಪ್ಪದೆ ಬರುವ ಸಂಗತಿ. ಅವರ ಮೊದಲೆರಡು ಕಾದಂಬರಿಗಳು ಬೇರೊಂದು ಪ್ರಕಾಶನದಿಂದ ಬಂದವು. 1922ರ 'ಜೇಕಬ್ಸ್ ರೂಮ್' ಸ್ವಂತ ಪ್ರಕಾಶನದಿಂದ ಬಂತು. ವುಲ್ಫ್‌ಗೆ ಸ್ವಂತ ಪ್ರಕಾಶನವೆಂದರೆ ಅನ್ಯ ಸಂಪಾದಕರ ಹಿಡಿತದಿಂದ ಬಿಡುಗಡೆ. ಅದಕ್ಕಿಂತ ನಾಲ್ಕು ವರ್ಷ ಮೊದಲೇ ಪ್ರಕಾಶಕಿಯಾದ ತಿರುಮಲಾಂಬಾ ಅವರ ಪಾಲಿಗೆ ಅದು ಇಲ್ಲದ ಓದುಗಿಯರನ್ನು ಹುಟ್ಟಿಸಿಕೊಳ್ಳುವ ಕಾರ್ಯ. ಉದ್ದೇಶಗಳು ಭಿನ್ನವಾದ್ದರಿಂದ ಬರವಣಿಗೆಯ ದಿಕ್ಕುಗಳೂ ಭಿನ್ನವಾದವು. ಒಬ್ಬರು ರೂಪದ ಪ್ರಯೋಗದತ್ತ ಹೊರಳಿದರೆ ಇನ್ನೊಬ್ಬರು ಸಂವಹನದ ಸರಳತೆಯತ್ತ ಹೊರಳಿದರು. ಮೊದಲನೆಯದನ್ನು ಸಾಹಿತ್ಯ ಚರಿತ್ರೆಯೆಂದೂ ಎರಡನೆಯದನ್ನು ಸಮಾಜಸೇವೆಯೆಂದೂ ವಿಂಗಡಿಸುವುದಕ್ಕೆ ಸಮರ್ಥನೆಯಿಲ್ಲ.

ಈ ತಾರತಮ್ಯ ಕನ್ನಡದೊಳಗೂ ಇದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯ ನಡೆಸಿದ್ದು, ಪೂರ್ಣಚಂದ್ರ ತೇಜಸ್ವಿಯವರು 'ಪುಸ್ತಕ ಪ್ರಕಾಶನ'ದಲ್ಲಿ ತೊಡಗಿಕೊಂಡದ್ದು ಅವರ ಸ್ವತಂತ್ರ ಮನೋಧರ್ಮದ ದ್ಯೋತಕಗಳೆಂದು ಪರಿಗಣಿತವಾಗಿವೆ. ಲೇಖಕಿಯ ವಿಷಯದಲ್ಲಿ ಅದೇ ಕೆಲಸ ಹವ್ಯಾಸದ ಇಲ್ಲವೇ ಪರೋಪಕಾರದ ಲೆಕ್ಕಕ್ಕೆ ಸೇರುತ್ತದೆ.

ಪ್ರಕಟಣೆಯ ಇತಿಹಾಸದಿಂದ ಕೃತಿಯ ಸಾಹಿತ್ಯಕ ಮೌಲ್ಯ ಹೆಚ್ಚುವುದಿಲ್ಲವೆಂದು ಇದಕ್ಕೆ ಪ್ರತಿವಾದ ಹೂಡಬಹುದು. ಒಪ್ಪತಕ್ಕ ಮಾತೇ. ಆದರೆ ಕೃತಿಯ ಸ್ವರೂಪಕ್ಕೆ ಕಾರಣಗಳನ್ನು ಅರಿಯದೆ ನೀಡುವ ತೀರ್ಪು ಮೌಲ್ಯನಿರ್ಣಯವಾಗಲಾರದು. ಅವರ ದೀರ್ಘ ಮೌನವನ್ನೇ ತೆಗೆದುಕೊಳ್ಳೋಣ. 95 ವರ್ಷ ಬಾಳಿದ ತಿರುಮಲಾಂಬಾ ಅವರ ಬರವಣಿಗೆಯ ಬಹುಭಾಗ ಬದುಕಿನ ಪೂರ್ವಾರ್ಧಕ್ಕೆ ಸೇರಿದ್ದು. ನವೋದಯದೊಂದಿಗೆ ಅಭಿರುಚಿ ಬದಲಾದದ್ದೇ ಇದಕ್ಕೆ ಕಾರಣವೆಂದು ಹೇಳಿ ಮುಗಿಸಬೇಕೆ? ಲೇಖಕಿಯ ಬರವಣಿಗೆಯನ್ನು ಆಕೆಯ ಪತ್ರಿಕೆಯೇ ಹೊತ್ತಿದ್ದಾಗ, ಆ ಆಸರೆ ಇಲ್ಲವಾದ ಮೇಲೆ ಬರಹ ಎಲ್ಲಿಗೆ ಹೋಗಬೇಕಿತ್ತು ಎಂಬುದೂ ಕೇಳಬೇಕಾದ ಪ್ರಶ್ನೆ.

ವಿಜಯಾ ದಬ್ಬೆ ಅವರಂಥ ವಿದ್ವಾಂಸರ ಶ್ರಮದಿಂದ ತಿರುಮಲಾಂಬಾ ಮರೆವಿನಿಂದ ಹೊರಬಂದಿದ್ದಾರೆ. ಮುಂದಿನ ಹೆಜ್ಜೆಯನ್ನು ಸಂಶೋಧನಾ ವಿಧಾನದಲ್ಲೇ ಇಡಬೇಕಾಗಿದೆ. 'ಬದುಕು' ಎಂಬ ಮೊದಲ ಅಧ್ಯಾಯದಲ್ಲಿ ಪ್ರಕಾಶನವನ್ನು ಮುಗಿಸಿ, 'ಬರಹ' ಎಂಬ ಎರಡನೆಯ ಅಧ್ಯಾಯಕ್ಕೆ ನಡೆಯುವ ನಮ್ಮ ಪಿಎಚ್.ಡಿ. ಪ್ರಬಂಧಗಳ ವಿನ್ಯಾಸ ಬದಲಾಗಬೇಕು. ಹಳೆಯ ಆವೃತ್ತಿಗಳ ಮುಖಪುಟ, ಮುನ್ನುಡಿ, ಬೆಲೆ, ಜಾಹೀರಾತು, ಪತ್ರಿಕೆಗಳ ಸಂಪಾದಕೀಯ, ಓದುಗರ ಪತ್ರಗಳು ಇವೆಲ್ಲವನ್ನೂ ಪಠ್ಯದ ಭಾಗವಾಗಿ ಸಂಗ್ರಹಿಸಿ, ಅಂಕೀಕರಿಸಿ, ಮರುಮುದ್ರಣಗಳಲ್ಲಿ ಉಳಿಸಿಕೊಳ್ಳಬೇಕು. ಹಳೆಯ ಕಾಗದಕ್ಕೆ ಆಯುಷ್ಯ ಹೆಚ್ಚಿಲ್ಲ. ಈ ಸಾಮಗ್ರಿ ನಶಿಸಿದರೆ 'ಸುಶೀಲೆ' ನಮಗೆ ಉಳಿಯಬಹುದು. ಅದನ್ನು ಓದುಗಿಯರಿಗೆ ತಲುಪಿಸಿದ ಲೇಖಕಿ ಉಳಿಯುವುದಿಲ್ಲ.