ಥರ್ಮೊಕೋಲ್ ನಿಷೇಧವಾಗಿದೆ; ನಮ್ಮ ಕ್ರಿಸ್ಮಸ್ ಮರಕ್ಕೆ ಗೊತ್ತಾಗಿದೆಯೇ?

ಡಿಸೆಂಬರ್ ಬಂತೆಂದರೆ ಕರಾವಳಿಯ ಪೇಟೆಗಳಲ್ಲಿ ಫ್ಯಾನ್ಸಿ ಅಂಗಡಿಗಳ ಮುಂದೆ ನಕ್ಷತ್ರಗಳು ತೂಗಾಡುತ್ತವೆ. ಒಳಗೆ ಬಣ್ಣದ ಗೋಲಗಳು, ಮಿನುಗುವ ಹಾರಗಳು, ಜೊತೆಗೆ ಥರ್ಮೊಕೋಲಿನ ಗಂಟೆ, ದೇವದೂತ, ಹಿಮದ ಕಾಳು. ಅಲಂಕಾರಕ್ಕಾಗಿ ಥರ್ಮೊಕೋಲ್ ಮಾರುವುದೂ ಬಳಸುವುದೂ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷಿದ್ಧ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಕೇಂದ್ರ ಸರಕಾರ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬಲೂನಿನ ಕಡ್ಡಿಗಳ ಸಾಲಿನಲ್ಲೇ ಅಲಂಕಾರದ ಥರ್ಮೊಕೋಲ್ ಕೂಡ ಇದೆ. ತಟ್ಟೆ ಲೋಟಗಳ ಬಗ್ಗೆ ಸಾಕಷ್ಟು ಪ್ರಚಾರವಾಯಿತು. ಚರ್ಚ್ ಊಟಗಳಲ್ಲಿ ಅಡಕೆ ಹಾಳೆಯ ತಟ್ಟೆಯೂ ಸ್ಟೀಲ್ ಲೋಟವೂ ಕಾಣಿಸಿಕೊಂಡವು. ಆದರೆ ಅಲಂಕಾರದ ಮಾತು ಮಾತ್ರ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ.

ಥರ್ಮೊಕೋಲಿನ ಗಾತ್ರದಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಬರೀ ಗಾಳಿ. ತೂಕವಿಲ್ಲದ್ದರಿಂದ ಗುಜರಿಯವರಿಗೆ ಅದು ಬೇಡ. ಮೂರು ರಾಯರ ಹಬ್ಬ ಮುಗಿದ ಮೇಲೆ ಅದನ್ನು ಹಿತ್ತಲಲ್ಲಿ ಸುಟ್ಟರೆ ವಿಷದ ಹೊಗೆ. ಮೂಲೆಯಲ್ಲಿ ಬಿಟ್ಟರೆ ಕಾಳುಕಾಳಾಗಿ ಉದುರಿ ಮೊದಲ ಮಳೆಗೆ ತೋಡು ಸೇರುತ್ತದೆ. ತೋಡಿನಿಂದ ಹೊಳೆ, ಹೊಳೆಯಿಂದ ಸಮುದ್ರ. ಮೀನುಗಾರಿಕೆಯನ್ನೇ ನಂಬಿರುವ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿನುಗುಪುಡಿಯ ಕಥೆಯೂ ಇದೇ. ಯುರೋಪ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನೇ ನಿಲ್ಲಿಸಿದೆ.

ಎಲ್ಲ ದೂರನ್ನು ಅಂಗಡಿಯವರ ಮೇಲೆ ಹಾಕುವುದು ಸುಲಭ. ಕೇಳುವವರು ಇರುವುದರಿಂದ ಅವರು ಮಾರುತ್ತಾರೆ. ಕೇಳುವಂತೆ ಮಾಡುವುದರಲ್ಲಿ ನಮ್ಮ ಗೋದಲಿ, ನಕ್ಷತ್ರ, ಕ್ರಿಸ್ಮಸ್ ಮರದ ಸ್ಪರ್ಧೆಗಳ ಪಾಲು ಸಣ್ಣದಲ್ಲ ಎಂಬುದು ನನ್ನ ಅಭಿಪ್ರಾಯ. ಎತ್ತರಕ್ಕೆ ಅಂಕ, ಬೆಳಕಿಗೆ ಅಂಕ, ಒಟ್ಟು ವೈಭವಕ್ಕೆ ಅಂಕ ಎಂದಾದಾಗ ಬಡ ಕುಟುಂಬವೂ ಸಾಲದ ದುಡ್ಡಿನಲ್ಲಿ ಅಂಗಡಿಗೆ ಓಡುತ್ತದೆ. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಬಾಲಯೇಸುವಿನ ಹೆಸರಿನಲ್ಲಿ!

ಹಾಗೆ ನೋಡಿದರೆ ಅಂಗಡಿಯ ಬಣ್ಣದ ಗೋಲವೂ ಒಂದು ಕಾಲದಲ್ಲಿ ಮನೆಯ ಕೆಲಸವೇ ಆಗಿತ್ತು. ಜರ್ಮನಿಯ ಲೌಶಾ ಎಂಬ ಊರಿನಲ್ಲಿ 19ನೇ ಶತಮಾನದಲ್ಲಿ ಮನೆಮಂದಿಯೆಲ್ಲ ಕುಳಿತು ಗಾಜು ಊದಿ, ಬಣ್ಣ ಬಳಿದು ಇವನ್ನು ತಯಾರಿಸುತ್ತಿದ್ದರು. ಇಂದು ಜಗತ್ತಿನ ಕ್ರಿಸ್ಮಸ್ ಅಲಂಕಾರದ ದೊಡ್ಡ ಪಾಲು ಬರುವುದು ಚೀನಾದ ಯಿವು ನಗರದಿಂದ.

ನಮ್ಮ ಕೈಯಲ್ಲೂ ಕಲೆಯಿದೆ. ಗರಿಗಳ ಭಾನುವಾರ ತೆಂಗಿನ ಗರಿಯಲ್ಲಿ ಶಿಲುಬೆ ಮಡಚುವ ಮಕ್ಕಳಿಗೆ ಅದೇ ಗರಿಯಲ್ಲಿ ನಕ್ಷತ್ರ, ಹಕ್ಕಿ ಮಡಚುವುದು ಕಷ್ಟವಲ್ಲ. ಕೇಕು ಮಾಡುವ ದಿನ ಡಜನ್‌ಗಟ್ಟಲೆ ಮೊಟ್ಟೆ ಒಡೆಯುತ್ತೇವೆ. ಒಡೆಯುವ ಬದಲು ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ಊದಿ ಒಳಗಿನದನ್ನು ಪಾತ್ರೆಗೆ ಇಳಿಸಿದರೆ ಇಡೀ ಚಿಪ್ಪು ಉಳಿಯುತ್ತದೆ. ತೊಳೆದು ಒಣಗಿಸಿ ಬಣ್ಣ ಹಚ್ಚಿದರೆ ಗಾಜಿನ ಗೋಲಕ್ಕೆ ಕಡಿಮೆಯೇನಿಲ್ಲ. ಕಪಾಟಿನಲ್ಲಿ ಕೂಡಿಟ್ಟ ಮದುವೆ ಕಾಗದಗಳ ಚಿನ್ನದ ಅಂಚು ನಕ್ಷತ್ರವಾಗುತ್ತದೆ. ಇವೆಲ್ಲ ಹಗುರ. ನಾವು ಕ್ರಿಸ್ಮಸ್ ಮರವಾಗಿ ನಿಲ್ಲಿಸುವ ಗಾಳಿಮರದ ಕೊಂಬೆ ಭಾರಕ್ಕೆ ಬಾಗುತ್ತದೆ, ಅದಕ್ಕೆ ಹಗುರದ್ದೇ ಸರಿ. ಅಂಗಳದ ನಕ್ಷತ್ರಕ್ಕೆ ಬಿದಿರಿನ ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟು ಸಾಕು. ದೀಪಾವಳಿಯ ಗೂಡುದೀಪ ಕಟ್ಟುವ ನೆರೆಮನೆಯವರು ಸಂತೋಷದಿಂದ ಕಲಿಸಿಕೊಟ್ಟಾರು. ಇಬ್ಬನಿಗೆ ಕಾಗದ ಒದ್ದೆಯಾಗಿ ಹರಿಯುತ್ತದೆ ಎಂಬುದು ನಿಜ. ಮಾಡಿನ ಅಡಿಯಲ್ಲಿ ತೂಗುಹಾಕಿ, ಒಳಗೆ ಬಿಸಿಯಾಗದ ಎಲ್‌ಇಡಿ ಬಲ್ಬ್ ಇಡಬೇಕು.

ಇದೆಲ್ಲ ತಾಯಂದಿರ ಹೆಗಲಿಗೇ ಬೀಳಬಾರದು ಎಂಬುದನ್ನೂ ಹೇಳಲೇಬೇಕು. ಕುಸ್ವಾರ್ ಕರಿಯುವವರೂ ಅವರೇ, ಮನೆ ಗುಡಿಸಿ ಒರೆಸುವವರೂ ಅವರೇ. ಕಡ್ಡಿ ಕಟ್ಟುವುದಕ್ಕೆ ಗಂಡಸರ ಕೈಯೂ ಆಗುತ್ತದೆ. ಮಕ್ಕಳು ಕೊಲ್ಲಿಯಲ್ಲೋ ಬೆಂಗಳೂರಿನಲ್ಲೋ ಇದ್ದು ವೃದ್ಧರಷ್ಟೇ ಉಳಿದ ಮನೆಗಳಿಗೆ ಕ್ಯಾರಲ್ ಹಾಡಲು ಹೋಗುವ ಯುವಜನರು ಒಂದು ನಕ್ಷತ್ರ ಕಟ್ಟಿಕೊಟ್ಟು ಬರಬಹುದು.

ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದ್ದರು. 2019ರ ಡಿಸೆಂಬರ್ 1ರಂದು ಗೋದಲಿಯ ಕುರಿತು ಬರೆದ ಪತ್ರದಲ್ಲಿ, ಕೈಗೆ ಸಿಕ್ಕ ಬಗೆಬಗೆಯ ವಸ್ತುಗಳಿಂದ ಅದನ್ನು ಕಟ್ಟುವ ಜಾಣ್ಮೆಯನ್ನು ಮೆಚ್ಚಿ, ಮಕ್ಕಳು ತಂದೆತಾಯಿ, ಅಜ್ಜ ಅಜ್ಜಿಯರಿಂದ ಇದನ್ನು ಕಲಿಯುವುದನ್ನು ಸ್ಮರಿಸಿದ್ದರು.

ಆದುದರಿಂದ ಸ್ಪರ್ಧೆಯ ನಿಯಮ ಬದಲಾಗಲಿ. ಥರ್ಮೊಕೋಲ್ ಕಂಡರೆ ಸ್ಪರ್ಧೆಯಿಂದ ಹೊರಗೆ. ಮನೆಯಲ್ಲೇ ಮಾಡಿದ್ದಕ್ಕೆ ಅರ್ಧದಷ್ಟು ಅಂಕ. ತೀರ್ಪುಗಾರರು ಬಂದಾಗ ಯಾವುದನ್ನು ಹೇಗೆ ಮಾಡಿದೆವೆಂದು ಮಕ್ಕಳೇ ವಿವರಿಸಲಿ. ಚರ್ಚ್ ಪಾಲನಾ ಮಂಡಳಿ ಇದನ್ನು ನವೆಂಬರ್ ತಿಂಗಳ ಸಭೆಯಲ್ಲೇ ತೀರ್ಮಾನಿಸಿ ವಾಳೆಗಳಿಗೆ ತಿಳಿಸಬೇಕು. ಡಿಸೆಂಬರ್ ಎರಡನೇ ವಾರ ಬಲಿಪೂಜೆಯ ಕೊನೆಯಲ್ಲಿ ಪ್ರಕಟಿಸಿದರೆ, ಆಗಲೇ ದುಡ್ಡು ಕೊಟ್ಟು ತಂದದ್ದನ್ನು ಯಾರೂ ಅಂಗಡಿಗೆ ಹಿಂತಿರುಗಿಸುವುದಿಲ್ಲ.