ನಲವತ್ತು ಪರ್ಸೆಂಟ್ ಇತ್ತು, ಫೋನ್ ಸತ್ತು ಹೋತು

ಈ ಸಲದ ಭಾರತ ಹುಣ್ಣಿಮೆಗೆ ಅಪ್ಪ ಬೈಲಹೊಂಗಲದಿಂದ ಓಣಿಯವರ ಟ್ರ್ಯಾಕ್ಟರ್ ಹತ್ತಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದ. ಮಧ್ಯಾಹ್ನ ಒಂದಕ್ಕೆ ಬೆಂಗಳೂರಿನಿಂದ ಫೋನ್ ಹಚ್ಚಿದೆ. ಸ್ವಿಚ್ ಆಫ್. ಅಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಜೋಡಿ ಹೋದವರನ್ನು ಕೇಳಿದರೆ, "ಗದ್ದಲದಾಗ ಕೈತಪ್ಪಿದ್ರವ್ವಾ, ನಾವೂ ಹುಡುಕಾಕತ್ತೇವಿ" ಅಂದರು. ಮೀಟಿಂಗ್‌ನಲ್ಲಿ ಕೂತಿದ್ದೆ, ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಸಂಜೆ ಐದೂವರೆಗೆ ಯಾವುದೋ ಕಾಯಿ-ಕರ್ಪೂರದ ಅಂಗಡಿಯವರ ಫೋನಿನಿಂದ ಅಪ್ಪನ ದನಿ: "ಯವ್ವಾ, ಆರಾಮ ಅದೇನಿ. ನಲವತ್ತು ಪರ್ಸೆಂಟ್ ಇತ್ತು, ತಂತಾನ ಸತ್ತು ಹೋತು ನೋಡು."

ಅಪ್ಪ ಅಂಕಿ ತಪ್ಪು ನೋಡಿರಬೇಕು ಅಂದುಕೊಂಡೆ. ಮುಂದಿನ ವಾರ ಊರಿಗೆ ಹೋದಾಗ ನನ್ನೆದುರಿಗೇ, 38ರಲ್ಲಿ, ಫೋನ್ ಮತ್ತೆ ಆಫ್ ಆಯಿತು. ತಪ್ಪು ನೋಡಿದ್ದು ಅಪ್ಪ ಅಲ್ಲ, ಫೋನೇ.

ಪರದೆಯ ಮೇಲಿನ ಪರ್ಸೆಂಟು ಒಂದು ಅಂದಾಜು ಅಷ್ಟೆ. ಎಷ್ಟು ಕರೆಂಟ್ ಒಳಹೋಯಿತು, ಎಷ್ಟು ಹೊರಬಂತು, ವೋಲ್ಟೇಜ್ ಎಷ್ಟಿದೆ ಅಂತ ನೋಡಿ ಒಂದು ಚಿಪ್ ಲೆಕ್ಕ ಹಾಕುತ್ತದೆ. ಬ್ಯಾಟರಿಗೆ ವಯಸ್ಸಾದಂತೆ ಅದರಲ್ಲಿ ಹಿಡಿಸುವುದು ಕಡಿಮೆಯಾಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಜಾತ್ರೆಯ ಗದ್ದಲದಲ್ಲಿ ಸಿಗ್ನಲ್ ಸಿಗದೆ ಫೋನ್ ಜೋರಾಗಿ ಹುಡುಕಾಡುತ್ತದಲ್ಲ, ಆಗ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ಮುದಿ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಫೋನ್ ತನ್ನ ಸುರಕ್ಷತೆಗೆ ತಾನೇ ಬಂದ್ ಆಗುತ್ತದೆ.

ಇದನ್ನೆಲ್ಲ ಹೇಳಿದರೆ ಅಪ್ಪ, "ಟ್ರ್ಯಾಕ್ಟರ್ ಬ್ಯಾಟರಿ ಆದ್ರ ಆ್ಯಸಿಡ್ಡಿನ್ಯಾಗ ಗಾಜಿನ ಕಡ್ಡಿ ಇಳಿಸಿ ನೋಡ್ತಾರ. ಇದಕ್ಕ ಅಂಥಾದ್ದು ಇಲ್ಲೇನು?" ಅಂದ. ಹೈಡ್ರೋಮೀಟರ್ ಅದು, ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 1.260 ತೋರಿಸುತ್ತದೆ. ಲಿಥಿಯಂ ಬ್ಯಾಟರಿಯನ್ನು ಹಾಗೆ ತೆರೆದು ನೋಡಲಿಕ್ಕೆ ಬರುವುದಿಲ್ಲ. ಒಳಹೋದದ್ದನ್ನು ಎಣಿಸಬೇಕು.

"ನವಿಲುತೀರ್ಥದ ಡ್ಯಾಮ್ ಇದ್ದಂಗ ಅನ್ನು" ಅಂದ. "ನೀರು ಮ್ಯಾಲಿನ ಗೆರಿ ಮುಟ್ಟಿರತೈತಿ, ತಳದಾಗ ಹೂಳು ಎಷ್ಟೈತೋ." ನಿಜ. ಪೂರ್ಣ ಮಟ್ಟ 2,079.50 ಅಡಿ ಅಂದರೆ ಅದು ಎತ್ತರದ ಮಾತು, ನೀರಿನ ಲೆಕ್ಕ ಬೇರೆ. ನಾನು ಅರ್ಧ ತಾಸು ಹೇಳಿದ್ದನ್ನು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ.

ಹೂಳು ಅಳೆಯೋಣ ಅಂತ ಕೂತೆವು. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಹೆಲ್ತ್ ಸಿಗುತ್ತದೆ, ಕೆಲವು ಹೊಸ ಆಂಡ್ರಾಯ್ಡ್‌ಗಳಲ್ಲೂ ಇದೆ. ಅಪ್ಪನ ಹಳೇ ಫೋನಿನಲ್ಲಿ ಇರಲಿಲ್ಲ. ಚಾರ್ಜ್ ಅಳೆಯುವ ಒಂದು ಆ್ಯಪ್ ಹಾಕಿ, 20ರಿಂದ 80ರವರೆಗೆ ಚಾರ್ಜ್ ಮಾಡಿದೆವು. 4,000 ಎಂಎಎಚ್ ಬ್ಯಾಟರಿಗೆ ಅಷ್ಟರಲ್ಲಿ 2,400 ಹೋಗಬೇಕಿತ್ತು. ಹೋದದ್ದು 1,560. ಅಂದರೆ ಉಳಿದ ಆರೋಗ್ಯ 65 ಪರ್ಸೆಂಟ್. ಒಂದೇ ಸಲದ ಲೆಕ್ಕ ನಂಬಬೇಡಿ, ನಾವು ಮೂರು ದಿನ ನೋಡಿದೆವು, ಹೆಚ್ಚು ಕಡಿಮೆ ಅಷ್ಟೇ ಬಂತು.

80ಕ್ಕಿಂತ ಕೆಳಗೆ ಬಂದರೆ ಬದಲಿಸುವ ಯೋಚನೆ ಮಾಡಬಹುದು. ಆಪಲ್ ಹೇಳುವ ಪ್ರಕಾರ ಐಫೋನ್ 14ರವರೆಗಿನ ಬ್ಯಾಟರಿಗಳು 500 ಸೈಕಲ್‌ಗೆ, 15ರವು 1,000 ಸೈಕಲ್‌ಗೆ ಈ 80 ಉಳಿಸಿಕೊಳ್ಳುವಂತೆ ಮಾಡಿದವು. ಸೈಕಲ್ ಅಂದರೆ ಚಾರ್ಜರ್ ಚುಚ್ಚಿದ ಲೆಕ್ಕವಲ್ಲ. ಇವತ್ತು 50, ನಾಳೆ 50 ಬಳಸಿದರೆ ಒಂದು. ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ ಮಾತ್ರ ಯಾವ ಪರ್ಸೆಂಟೂ ನೋಡಬೇಡಿ, ಬಳಸುವುದನ್ನು ನಿಲ್ಲಿಸಿ ಅಂಗಡಿಗೆ ಒಯ್ಯಿರಿ.

ಬಿಸಿಲು ಬ್ಯಾಟರಿಗೆ ದೊಡ್ಡ ವೈರಿ. ಅಪ್ಪ ಫೋನನ್ನು ದಿನವಿಡೀ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಇಡುತ್ತಿದ್ದ ಅಂತ ಅವ್ವ ಆಮೇಲೆ ಹೇಳಿದಳು.

ಹೊಸ ಬ್ಯಾಟರಿ ಹಾಕಿಸಿದೆವು. ಅಪ್ಪ ಈಗ ನನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಂಗಿ ಕಿಸೆಯಲ್ಲೂ ಇಟ್ಟುಕೊಳ್ಳುತ್ತಾನೆ. "ಇದಕ್ಕ ಚಾರ್ಜ್ ಬೇಕಾಗೂದಿಲ್ಲ" ಅಂತಾನೆ.