ಮೂರು ತಂತಿಯ ಸಾಕ್ಷಿ

ತಮಿಳುನಾಡಿನ ಹರೂರು ಸೀಮೆಯ ಹಳ್ಳಿಗಳಲ್ಲಿ ಹಳೆಯ ನಡುಕಲ್ಲುಗಳಿವೆ. ಕನ್ನಡದಲ್ಲಿ ನಾವು ವೀರಗಲ್ಲು ಎನ್ನುವುದು ಇವನ್ನೇ. ತುರುಗಾಳಗದಲ್ಲಿ ಬಿದ್ದವನು ಯಾರು, ಆಗ ಯಾವ ಅರಸನ ಆಳ್ವಿಕೆ ಎಂಬುದನ್ನು ವಟ್ಟೆಳುತ್ತು ಲಿಪಿಯಲ್ಲಿ ಕೆತ್ತಿರುತ್ತಾರೆ. ಬಿದ್ದವನು ತನ್ನ ಕಥೆಯನ್ನು ತಾನೇ ಬರೆದುಕೊಳ್ಳಲಾರ, ಉಳಿದವರು ಬರೆಸಬೇಕು. ಈಚೆಗೆ ಹರೂರಿನ ಬಳಿಯ ಒಂದು ಕಾಲೇಜಿನ ಸರ್ವರ್ ಎದುರು ಕೂತಾಗ ಆ ಕಲ್ಲುಗಳು ನೆನಪಾದವು.

ಅಲ್ಲಿ ಲ್ಯಾಬ್ ನೋಡಿಕೊಳ್ಳುವವನು ನನ್ನ ತಮ್ಮನ ಮಗ. "ದೊಡ್ಡಪ್ಪಾ, ಸಂಜೆ ಚೆನ್ನಾಗೇ ಇರುತ್ತೆ, ಬೆಳಿಗ್ಗೆ ಬಂದರೆ ಪರದೆ ಕಪ್ಪು. ಲಾಗ್‌ನಲ್ಲೂ ಏನೂ ಸಿಗ್ತಿಲ್ಲ" ಎಂದ. ಸಿಗುವುದಾದರೂ ಹೇಗೆ? ಲಿನಕ್ಸ್ ಕರ್ನಲ್ಲೇ ಕುಸಿದರೆ ಕೊನೆಯ ಮಾತನ್ನು ಡಿಸ್ಕಿಗೆ ಬರೆಯುವವರು ಯಾರೂ ಇರುವುದಿಲ್ಲ.

ಸರ್ವರ್ ಬೆನ್ನಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಧೂಳು ಹಿಡಿದು ಕೂತಿತ್ತು. 1960ರಲ್ಲಿ ಬಂದ ಆರ್‌ಎಸ್-232 ಎಂಬ ಮಾನಕದ ಕುಡಿ ಅದು. ಒಂಬತ್ತು ಪಿನ್ನಿದ್ದರೂ ಈ ಕೆಲಸಕ್ಕೆ ಮೂರು ತಂತಿ ಸಾಕು: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಇತ್ತ ಕಳಿಸುವ ತಂತಿ ಅತ್ತ ಪಡೆಯುವ ಪಿನ್ನಿಗೆ ಹೋಗಬೇಕು. ಅದಕ್ಕೇ ನಲ್ ಮೋಡೆಮ್ ಕೇಬಲ್. ಗ್ರಾಫಿಕ್ಸ್ ಬೇಡ, ನೆಟ್‌ವರ್ಕ್ ಬೇಡ. ಬೇಡಿಕೆ ಇಷ್ಟು ಕಡಿಮೆಯಾದ್ದರಿಂದಲೇ ಉಳಿದೆಲ್ಲ ಕೈಕೊಟ್ಟಾಗಲೂ ಈ ದಾರಿ ತೆರೆದಿರುತ್ತದೆ. ನಾನು ಇದನ್ನು ನಂಬುವುದು ಆ ಕಾರಣಕ್ಕೆ.

ಬೂಟ್ ಸಾಲಿನಲ್ಲಿ ಎರಡು ಕನ್ಸೋಲ್ ಹೆಸರಿಸಿದೆವು. ಮೊದಲು ಪರದೆ, ಆಮೇಲೆ ಟಿಟಿವೈಎಸ್0 ಎಂಬ ಸೀರಿಯಲ್ ಪೋರ್ಟ್, ವೇಗ ಸೆಕೆಂಡಿಗೆ 115200 ಬಿಟ್. ಟಿಟಿವೈ ಎಂದರೆ ಹಳೆಯ ಟೆಲಿಟೈಪ್ ಯಂತ್ರ. ಯಂತ್ರ ಹೋದರೂ ಹೆಸರು ಉಳಿದಿದೆ. ಕರ್ನಲ್ಲಿನ ಸಂದೇಶ ಎರಡು ಕಡೆಗೂ ಹರಿಯುತ್ತದೆ, ಕೊನೆಗೆ ಹೆಸರಿಸಿದ್ದು ಮುಖ್ಯ ಕನ್ಸೋಲ್ ಆಗುತ್ತದೆ. ಕ್ವೈಟ್ ಎಂಬ ಪದವನ್ನು ಅಳಿಸಿದೆವು. ಅದಿದ್ದರೆ ಕರ್ನಲ್ ಬಹುಪಾಲು ಮಾತನ್ನು ನುಂಗಿಬಿಡುತ್ತದೆ. ಒಂದು ಅಕ್ಷರಕ್ಕೆ ಆರಂಭ, ಅಂತ್ಯದ ಗುರುತೂ ಸೇರಿ ಹತ್ತು ಬಿಟ್. ಅಂದರೆ ಸೆಕೆಂಡಿಗೆ 11,520 ಅಕ್ಷರ. ಹುಡುಗ ಮೊದಲು ಕೇಬಲ್ಲಿನ ಇನ್ನೊಂದು ತುದಿಯಲ್ಲಿದ್ದ ಲ್ಯಾಪ್‌ಟಾಪಿನಲ್ಲಿ 9600 ಎಂದು ಕೊಟ್ಟಿದ್ದ, ಪರದೆ ತುಂಬ ಅರ್ಥವಾಗದ ಚಿಹ್ನೆಗಳು ಸುರಿದವು. ಎರಡೂ ತುದಿಯ ವೇಗ ಒಂದೇ ಆದ ಕೂಡಲೇ ಸಾಲುಗಳು ಸ್ವಚ್ಛವಾಗಿ ಇಳಿಯತೊಡಗಿದವು. ಬಂದದ್ದೆಲ್ಲ ಫೈಲಿಗೆ ಸೇರುವಂತೆ ಮಾಡಿ ಮನೆಗೆ ಹೋದೆವು.

ಮೂರನೆಯ ಬೆಳಿಗ್ಗೆ ಸರ್ವರ್ ಮತ್ತೆ ಸತ್ತಿತ್ತು. ಲ್ಯಾಪ್‌ಟಾಪಿನ ಫೈಲಿನಲ್ಲಿ ಮೆಮೊರಿ ದೋಷದ ಕೆಲವು ಸಾಲು, ಕೆಳಗೆ ಕರ್ನಲ್ ಪ್ಯಾನಿಕ್, ಅಲ್ಲಿಗೆ ಮುಗಿದಿತ್ತು. ಒಂದು ರ್‍ಯಾಮ್ ಬದಲಿಸಿದ ಮೇಲೆ ಸರ್ವರ್ ನಿಂತಿಲ್ಲ.

ಆ ಕೇಬಲ್ ಮೊದಲೇ ಇದ್ದಿದ್ದರೆ ಹುಡುಗನಿಗೆ ವಾರಗಟ್ಟಲೆ ನಿದ್ದೆ ಕೆಡುತ್ತಿರಲಿಲ್ಲ. ನಿಮ್ಮೂರಿನ ಶಾಲೆ, ಸೊಸೈಟಿ, ಆಸ್ಪತ್ರೆಯ ಸರ್ವರ್ ನಿಮ್ಮ ಕೈಯಲ್ಲಿದ್ದರೆ ಅದರ ಬೆನ್ನನ್ನೊಮ್ಮೆ ನೋಡಿ. ಒಂಬತ್ತು ಪಿನ್ನಿನ ಆ ಪೋರ್ಟ್ ಇದ್ದರೆ, ಸರ್ವರ್ ಚೆನ್ನಾಗಿರುವಾಗಲೇ ಕೇಬಲ್ ಹಾಕಿಡಿ.